ಅರ್ಬುದಪೀಡಿತ ವೃದ್ಧರ ಗೃಹಶುಶ್ರೂಷೆ: ಲಿವರ್‌ಪೂಲಿನಿಂದ ಕಲ್ಲಿಕೋಟೆಯವರೆಗೆ

೧. ಪೀಠಿಕೆ

ವೃದ್ಧಾಪ್ಯದಲ್ಲಿ ಅರ್ಬುದ ರೋಗಕ್ಕೆ, ಎಂದರೆ ಜನಸಾಮಾನ್ಯರು ಕ್ಯಾನ್ಸರ್ ಎಂದು ಕರೆಯುವ ವ್ಯಾಧಿಗೆ, ತುತ್ತಾದವರನ್ನು ಮನೆಯಲ್ಲಿಯೇ ಇರಿಸಿಕೊಂಡು ಆರೈಕೆ ಮಾಡುವ ಪದ್ಧತಿಯ ವಿಷಯದಲ್ಲಿ ಒಂದು ಅಭಿಪ್ರಾಯ ನಮ್ಮಲ್ಲಿ ಬೇರೂರಿದೆ. ಪಾಶ್ಚಾತ್ಯರು ತಮ್ಮ ಮುದಿ ರೋಗಿಗಳನ್ನು ಆಸ್ಪತ್ರೆಗಳಿಗೆ ಒಪ್ಪಿಸಿ ನಿಶ್ಚಿಂತರಾದರೆಂದೂ, ನಮ್ಮವರು ಅವಿಭಕ್ತ ಕುಟುಂಬದ ಆಶ್ರಯದಲ್ಲಿ ಅವರನ್ನು ಕೊನೆಯವರೆಗೂ ನೋಡಿಕೊಂಡರೆಂದೂ, ಈಗ ಆ ಕುಟುಂಬ ಒಡೆದುದರಿಂದಲೇ ಹೊರಗಿನವರ ನೆರವು ಅಗತ್ಯವಾಯಿತೆಂದೂ ಆ ಅಭಿಪ್ರಾಯದ ಸಾರ. ಕೇಳುವುದಕ್ಕೆ ಹಿತವಾದ ಮಾತಾದರೂ ಚರಿತ್ರೆಯ ಸಾಕ್ಷ್ಯವು ಇದನ್ನು ಸಮರ್ಥಿಸುವುದಿಲ್ಲ. ಇಂಗ್ಲೆಂಡಿನಲ್ಲಿಯೂ ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಸಾವಿರಾರು ಮಂದಿ ವೃದ್ಧ ರೋಗಿಗಳು ಮನೆಯಲ್ಲಿಯೇ ಇದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವರು ಹೆಂಡತಿಯರು ಮತ್ತು ಹೆಣ್ಣುಮಕ್ಕಳು. ನಮ್ಮ ದೇಶದಲ್ಲಿಯೂ ಮನೆಯೆಂಬುದು ಇತ್ತು, ಮನೆಯವರ ಅಕ್ಕರೆಯೂ ಇತ್ತು. ಆದರೆ ನೋವನ್ನು ತಗ್ಗಿಸುವ ಮದ್ದು ಆ ಮನೆಯ ಹೊಸ್ತಿಲನ್ನು ದಾಟಿರಲಿಲ್ಲ.

ಆದಕಾರಣ ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಳ್ಳುವ ಪ್ರಶ್ನೆ ಇದು: ರೋಗಿಯು ಮನೆಯಲ್ಲಿ ಇರುವುದಕ್ಕೂ ಮನೆಯಲ್ಲಿ ಶುಶ್ರೂಷೆ ದೊರೆಯುವುದಕ್ಕೂ ಇರುವ ಅಂತರವು ಎಲ್ಲಿ, ಯಾವಾಗ, ಯಾವ ಸಾಧನಗಳಿಂದ ಕಡಮೆಯಾಯಿತು? ಈ ಅಂತರವನ್ನು ಕಿರಿದುಮಾಡಿದ ಸಾಧನಗಳು ಮುಖ್ಯವಾಗಿ ಮೂರು ಎಂದು ನಮ್ಮ ಅಭಿಪ್ರಾಯ. ಮನೆಬಾಗಿಲಿಗೆ ಬರುವ ತರಬೇತಾದ ದಾದಿ ಮೊದಲನೆಯದು. ಆರೈಕೆ ಮಾಡುವವರಿಗೆ ಬಿಡುವು ಕೊಡುವ ಏರ್ಪಾಡು ಎರಡನೆಯದು. ಬಾಯಿಯ ಮೂಲಕ ಕ್ರಮವಾಗಿ ಕೊಡಬಹುದಾದ ನೋವುನಿವಾರಕ ಔಷಧ ಮೂರನೆಯದು. ಈ ಮೂರೂ ಒಂದೇ ಕಾಲದಲ್ಲಿ ಬಂದವುಗಳಲ್ಲ. ಒಂದೊಂದರ ಹಿಂದೆಯೂ ಒಂದೊಂದು ಕಥೆಯಿದೆ.

೨. ವೈದ್ಯನು ಹಿಂದೆ ಸರಿದ ಮೇಲೆ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳು ಇರಬೇಕೆಂದು ಗ್ರಂಥಕಾರನು ವಿಧಿಸಿದ್ದಾನೆ. ಶುಶ್ರೂಷೆಯನ್ನು ಚಿಕಿತ್ಸೆಯ ಕಾಲುಭಾಗವೆಂದು ಎಣಿಸಿದ ಈ ದೃಷ್ಟಿ ಗಮನಾರ್ಹವಾದುದು. ಆದರೆ ಅದೇ ಗ್ರಂಥದ ಮುಂದಿನ ಅಧ್ಯಾಯದಲ್ಲಿ ಸಾಧ್ಯ ಮತ್ತು ಅಸಾಧ್ಯ ರೋಗಗಳ ವಿಂಗಡಣೆ ಬರುತ್ತದೆ. ಅಸಾಧ್ಯವಾದ ರೋಗಕ್ಕೆ ಕೈಹಾಕಿದ ವೈದ್ಯನು ಅರ್ಥ, ವಿದ್ಯೆ, ಯಶಸ್ಸುಗಳನ್ನು ಕಳೆದುಕೊಳ್ಳುವನೆಂಬ ಎಚ್ಚರಿಕೆ ಅಲ್ಲಿದೆ. ಹಾಗೆಂದ ಮೇಲೆ ವೈದ್ಯನು ಹಿಂದೆ ಸರಿದಾಗ ನಾಲ್ಕು ಪಾದಗಳಲ್ಲಿ ಉಳಿಯುವವರು ಇಬ್ಬರೇ, ರೋಗಿ ಮತ್ತು ಪರಿಚಾರಕ. ಆ ಪರಿಚಾರಕನ ಸ್ಥಾನದಲ್ಲಿ ಬಹುಮಟ್ಟಿಗೆ ಮನೆಯ ಹೆಂಗಸರೇ ಇರುತ್ತಿದ್ದರೆಂಬುದನ್ನು ನಾವು ಊಹಿಸುವುದು ಕಷ್ಟವಲ್ಲ.

ಯುರೋಪಿನ ಸ್ಥಿತಿ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ದಾನದ ಹಣದಿಂದ ಹುಟ್ಟಿದ ಆಸ್ಪತ್ರೆಗಳು ಗುಣವಾಗುವ ರೋಗಿಗಳನ್ನೇ ಬಯಸುತ್ತಿದ್ದವು. ಗುಣವಾಗದ ರೋಗಿಯು ಹಾಸಿಗೆಯನ್ನು ತಿಂಗಳುಗಟ್ಟಲೆ ಹಿಡಿದಿರುತ್ತಾನೆ. ಅವನ ಸಾವು ಆಸ್ಪತ್ರೆಯ ಲೆಕ್ಕಪತ್ರಕ್ಕೆ ಶೋಭೆ ತರುವುದಿಲ್ಲ. ಈ ನಿಯಮಕ್ಕೆ ಒಂದು ಅಪವಾದವೆಂಬಂತೆ ೧೭೯೨ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಜಾನ್ ಹೋವರ್ಡನ ಯೋಜನೆಯಂತೆ, ಸ್ಯಾಮ್ಯುಅಲ್ ವಿಟ್‌ಬ್ರೆಡ್ಡನ ದ್ರವ್ಯಸಹಾಯದಿಂದ, ಅರ್ಬುದ ರೋಗಿಗಳಿಗಾಗಿಯೇ ಒಂದು ವಿಭಾಗ ತೆರೆಯಿತು. ಅಲ್ಲಿ ಸೇರಿದವರು ಗುಣವಾಗುವವರೆಗೆ ಅಥವಾ ಸಾಯುವವರೆಗೆ ಇರಬಹುದಾಗಿತ್ತು. ೧೮೫೧ರಲ್ಲಿ ವಿಲಿಯಂ ಮಾರ್ಸ್‌ಡೆನ್ ಎಂಬ ವೈದ್ಯನು ಲಂಡನ್ನಿನಲ್ಲಿ ಅರ್ಬುದಕ್ಕೆಂದೇ ಒಂದು ಧರ್ಮಾಸ್ಪತ್ರೆಯನ್ನು ಸ್ಥಾಪಿಸಿದನು. ಐದು ವರ್ಷ ಮೊದಲು ಅವನ ಪತ್ನಿ ಅದೇ ರೋಗದಿಂದ ತೀರಿಕೊಂಡಿದ್ದಳು. ಇವು ಶ್ಲಾಘ್ಯವಾದ ಪ್ರಯತ್ನಗಳು. ಆದರೆ ಇಂಥ ಹಾಸಿಗೆಗಳ ಸಂಖ್ಯೆ ಅತ್ಯಲ್ಪ. ಉಳಿದ ರೋಗಿಗಳಿಗೆ, ಅದರಲ್ಲಿಯೂ ಬಡವರಾದ ಮುದುಕರಿಗೆ, ಇದ್ದುದು ಎರಡೇ ಗತಿ: ತಮ್ಮ ಮನೆಯ ಕೋಣೆ, ಇಲ್ಲವೆ ಅನಾಥರ ದುಡಿಮೆಮನೆ.

೩. ಲಿವರ್‌ಪೂಲಿನ ಪ್ರಯೋಗ

ಮೊದಲನೆಯ ಸಾಧನವಾದ ತರಬೇತಾದ ದಾದಿಯು ಬಡವರ ಮನೆಯನ್ನು ಪ್ರವೇಶಿಸಿದ್ದು ಒಂದು ಶ್ರೀಮಂತ ಮನೆಯ ದುಃಖದ ಮೂಲಕ. ಲಿವರ್‌ಪೂಲಿನ ವರ್ತಕ ವಿಲಿಯಂ ರಾತ್‌ಬೋನನ ಪತ್ನಿ ೧೮೫೯ರಲ್ಲಿ ತೀರಿಕೊಂಡಳು. ಆಕೆಯ ಕೊನೆಯ ದಿನಗಳಲ್ಲಿ ಮೇರಿ ರಾಬಿನ್‌ಸನ್ ಎಂಬ ದಾದಿಯು ಮನೆಯಲ್ಲಿಯೇ ಇದ್ದು ಆರೈಕೆ ಮಾಡಿದ್ದಳು. ಹಣವುಳ್ಳ ತನ್ನ ಮನೆಯಲ್ಲಿಯೇ ನುರಿತ ದಾದಿಯ ಇರುವಿಕೆಯಿಂದ ಇಷ್ಟು ಸಮಾಧಾನ ದೊರೆತಿರುವಾಗ, ಏನೂ ಇಲ್ಲದವರ ಮನೆಯಲ್ಲಿ ಅದರಿಂದ ಎಷ್ಟು ಉಪಕಾರವಾಗಬಹುದೆಂದು ರಾತ್‌ಬೋನನು ಯೋಚಿಸಿದನು. ಅದೇ ದಾದಿಯನ್ನು ಮೂರು ತಿಂಗಳ ಮಟ್ಟಿಗೆ ಸಂಬಳ ಕೊಟ್ಟು ನೇಮಿಸಿ, ನಗರದ ಬಡಕೇರಿಗಳಲ್ಲಿ ರೋಗಿಗಳ ಮನೆಮನೆಗೆ ಹೋಗುವಂತೆ ಏರ್ಪಡಿಸಿದನು.

ಒಂದು ತಿಂಗಳಾಗುವಷ್ಟರಲ್ಲಿ ದಾದಿಯು ಅಳುತ್ತ ಹಿಂದಿರುಗಿದಳೆಂದು ತಿಳಿದುಬರುತ್ತದೆ. ತಾನು ಕಂಡ ದೈನ್ಯವನ್ನು ಇನ್ನು ನೋಡಲಾರೆನೆಂದೂ ತನ್ನನ್ನು ಬಿಡುಗಡೆ ಮಾಡಬೇಕೆಂದೂ ಆಕೆ ಬೇಡಿದಳು. ರಾತ್‌ಬೋನನು ಒಪ್ಪಿಸಿ ಮತ್ತೆ ಕಳುಹಿಸಿದನು. ಮೂರು ತಿಂಗಳು ಮುಗಿಯುವ ವೇಳೆಗೆ ತನ್ನ ಕೆಲಸದ ಫಲವನ್ನು ಕಂಡಿದ್ದ ಆಕೆಯೇ ಅದನ್ನು ಮುಂದುವರಿಸಲು ಇಷ್ಟಪಟ್ಟಳು. ಈ ಘಟನೆಯನ್ನು ನಾವು ಕೇವಲ ಮನಮಿಡಿಯುವ ಕಥೆಯೆಂದು ಓದಬಾರದು. ಮನೆಯೆಂಬ ಸ್ಥಳವು ತಾನಾಗಿಯೇ ಆರೋಗ್ಯಕರವಲ್ಲವೆಂಬ ಅರಿವು ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಮೂಡಿತು.

ಇಂಥ ದಾದಿಯರು ಸಾಕಷ್ಟು ಮಂದಿ ಸಿಕ್ಕದಾಗ ರಾತ್‌ಬೋನನು ಫ್ಲಾರೆನ್ಸ್ ನೈಟಿಂಗೇಲಳ ಸಲಹೆ ಕೇಳಿದನು. ಆಕೆಯ ಸೂಚನೆಯಂತೆ ಲಿವರ್‌ಪೂಲಿನ ರಾಯಲ್ ಇನ್‌ಫರ್ಮರಿಗೆ ಸೇರಿದಂತೆ ೧೮೬೨ರಲ್ಲಿ ದಾದಿಯರ ತರಬೇತಿ ಶಾಲೆ ಪ್ರಾರಂಭವಾಯಿತು. ನಗರವನ್ನು ೧೮ ವಲಯಗಳಾಗಿ ವಿಂಗಡಿಸಿ ವಲಯಕ್ಕೊಬ್ಬ ದಾದಿಯನ್ನು ನೇಮಿಸಲಾಯಿತು. ‘ವಲಯದಾದಿ’ ಎಂಬ ಹೊಸ ವೃತ್ತಿಯ ಹುಟ್ಟು ಇದು. ವಲಯದಾದಿಯು ದಾನ ಹಂಚುವವಳಾಗಬಾರದು, ಆಕೆ ಕೊಡಬೇಕಾದುದು ತನ್ನ ವಿದ್ಯೆಯನ್ನು ಎಂಬುದು ನೈಟಿಂಗೇಲಳ ನಿಲುವು. ೧೮೮೭ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗಾಗಿ ಸ್ತ್ರೀಯರಿಂದ ಸಂಗ್ರಹವಾದ ಕಾಣಿಕೆಯಲ್ಲಿ ಸುಮಾರು ೭೦,೦೦೦ ಪೌಂಡುಗಳು ಈ ಕಾರ್ಯಕ್ಕೆ ಮೀಸಲಾದವು. ರಾಣಿಯ ಹೆಸರಿನ ದಾದಿಯರ ಸಂಸ್ಥೆ ಹೀಗೆ ಹುಟ್ಟಿ, ನಗರದಿಂದ ಹಳ್ಳಿಗಳಿಗೂ ಹರಡಿತು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ಬಗೆಯ ಪ್ರಯತ್ನ ನಡೆಯಿತು. ಕಾದಂಬರಿಕಾರ ನಥೇನಿಯಲ್ ಹಾಥಾರ್ನನ ಮಗಳಾದ ರೋಸ್ ಹಾಥಾರ್ನ್ ಲಾತ್ರಪ್ ೧೮೯೬ರಲ್ಲಿ ನ್ಯೂಯಾರ್ಕಿನ ಬಡಕೇರಿಯಲ್ಲಿ ಮನೆ ಹಿಡಿದು, ಅರ್ಬುದ ಮಾಗಿದ ಬಡರೋಗಿಗಳ ಹುಣ್ಣು ತೊಳೆದು ಪಟ್ಟಿ ಕಟ್ಟುವ ಕೆಲಸಕ್ಕೆ ನಿಂತಳು. ಆ ಕಾಲದಲ್ಲಿ ಈ ರೋಗವು ಅಂಟುವುದೆಂಬ ಭಯ ವ್ಯಾಪಕವಾಗಿತ್ತು. ಆ ಭಯದ ನಡುವೆ ರೋಗಿಯ ಮೈಯನ್ನು ಮುಟ್ಟುವುದೇ ಒಂದು ಸಾಮಾಜಿಕ ಹೇಳಿಕೆಯಾಗಿದ್ದಿತು.

೪. ಆರೈಕೆ ಮಾಡುವವರ ಆರೈಕೆ

ಎರಡನೆಯ ಸಾಧನದ ಅಗತ್ಯವು ಜನರ ಕಣ್ಣಿಗೆ ಬಿದ್ದುದು ಎರಡನೆಯ ಮಹಾಯುದ್ಧದ ಅನಂತರ. ೧೯೪೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವೈದ್ಯ ಜೆ. ಎಚ್. ಷೆಲ್ಡನನು ವುಲ್ವರ್‌ಹ್ಯಾಂಪ್ಟನ್ ಪಟ್ಟಣದ ವೃದ್ಧರ ಜೀವನವನ್ನು ಪರಿಶೀಲಿಸಿದನು. ವೃದ್ಧರನ್ನು ಅವರ ಮನೆಯವರು ಕೈಬಿಟ್ಟಿರುವರೆಂಬ ನಂಬಿಕೆಗೆ ಆತನ ಸಂಶೋಧನೆಯಿಂದ ಪುಷ್ಟಿ ದೊರೆಯಲಿಲ್ಲ. ಕಾಯಿಲೆ ಬಿದ್ದ ವೃದ್ಧರ ಶುಶ್ರೂಷೆಯ ಭಾರವನ್ನು ಹೆಂಡತಿಯರೂ ಹೆಣ್ಣುಮಕ್ಕಳೂ ಹೊತ್ತಿದ್ದರು; ಆ ಭಾರದಿಂದ ಅವರೇ ಬಳಲಿಹೋಗುತ್ತಿದ್ದರು. ೧೯೫೭ರಲ್ಲಿ ಪೀಟರ್ ಟೌನ್‌ಸೆಂಡನು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನಿನ ವೃದ್ಧರ ಕೌಟುಂಬಿಕ ಜೀವನವನ್ನು ಕುರಿತು ಬರೆದಾಗಲೂ ಹೆಣ್ಣುಮಕ್ಕಳ ಪಾತ್ರವೇ ಎದ್ದು ಕಂಡಿತು. ಪಾಶ್ಚಾತ್ಯರಿಗೆ ಕುಟುಂಬವಿಲ್ಲವೆಂದು ಹೇಳುವವರು ಈ ಎರಡು ಗ್ರಂಥಗಳನ್ನು ಓದುವುದು ಒಳ್ಳೆಯದು.

೧೯೪೮ರ ಜುಲೈ ೫ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದಿತು. ಅದರ ಕಾನೂನಿನಂತೆ ಮನೆಯಲ್ಲಿ ದಾದಿಯ ಸೇವೆಯನ್ನು ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಯಿತು. ಆದರೆ ಮನೆಗೆಲಸಕ್ಕೆ ಸಹಾಯಕರನ್ನು ಕಳುಹಿಸುವುದು ಕರ್ತವ್ಯವಾಗಲಿಲ್ಲ. ಇಷ್ಟವಿದ್ದರೆ ಮಾಡಬಹುದಾದ ಕಾರ್ಯವಾಗಿ ಉಳಿಯಿತು. ಶಾಸನದ ಈ ಸೂಕ್ಷ್ಮ ಭೇದವು ಮಹತ್ತ್ವದ್ದು. ಹುಣ್ಣಿಗೆ ಪಟ್ಟಿ ಕಟ್ಟುವುದು ವೈದ್ಯಕೀಯವೆಂದೂ, ಕೊಳೆಯಾದ ಹಾಸಿಗೆಯನ್ನು ದಿನಕ್ಕೆ ಮೂರು ಸಲ ಒಗೆಯುವುದು ಮನೆಯ ವಿಷಯವೆಂದೂ ಕಾನೂನು ಗೆರೆ ಎಳೆಯಿತು. ಮನೆಯಲ್ಲಿ ರೋಗಿಯನ್ನು ನೋಡಿಕೊಂಡವರಿಗೆ ಅಂಥ ಗೆರೆ ಇರುವುದಿಲ್ಲ.

ಅದೇ ವರ್ಷ ಮೇರಿ ಕ್ಯೂರಿಯ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿತವಾಯಿತು. ಅದು ರಾಣಿಯ ದಾದಿಯರ ಸಂಸ್ಥೆಯೊಡನೆ ಸೇರಿ ಮನೆಯಲ್ಲಿರುವ ಅರ್ಬುದ ರೋಗಿಗಳ ಸ್ಥಿತಿಯನ್ನು ದೇಶಾದ್ಯಂತ ಸಮೀಕ್ಷೆ ಮಾಡಿ ೧೯೫೨ರಲ್ಲಿ ವರದಿಯನ್ನು ಹೊರತಂದಿತು. ಮಾಹಿತಿಯನ್ನು ಒದಗಿಸಿದವರು ವಲಯದಾದಿಯರು. ವರದಿಗೆ ವಿಷಯವಾದ ರೋಗಿಗಳು ಏಳು ಸಾವಿರಕ್ಕೂ ಹೆಚ್ಚು. ತೊಂಬತ್ತು ವರ್ಷಗಳಿಂದ ಮನೆಮನೆ ತಿರುಗುತ್ತಿದ್ದ ಒಂದು ವೃತ್ತಿಯು ತಾನು ಕಂಡುದನ್ನು ಅಂಕೆಸಂಖ್ಯೆಗಳ ರೂಪದಲ್ಲಿ ದೇಶದ ಮುಂದಿಟ್ಟಿತು. ತಡೆಯಲಾರದ ನೋವು, ಇಕ್ಕಟ್ಟಾದ ವಸತಿ, ಹಣದ ಕೊರತೆ, ನೋಡಿಕೊಳ್ಳುವವರಿಲ್ಲದ ಒಂಟಿ ವೃದ್ಧರು, ತಾವೇ ಅಶಕ್ತರಾಗಿದ್ದುಕೊಂಡು ಸಂಗಾತಿಯನ್ನು ನೋಡಿಕೊಳ್ಳುತ್ತಿರುವ ವೃದ್ಧರು, ಇವರೆಲ್ಲರ ಚಿತ್ರ ಅದರಿಂದ ಹೊರಬಂದಿತು.

ಈ ವರದಿಯ ಫಲವೆಂಬಂತೆ ಪ್ರತಿಷ್ಠಾನವು ಎರಡು ದಾರಿಗಳನ್ನು ಹಿಡಿಯಿತು. ೧೯೫೨ರಲ್ಲಿಯೇ ಸ್ಕಾಟ್ಲೆಂಡಿನಲ್ಲಿ ಮೊದಲ ಶುಶ್ರೂಷಾಗೃಹವನ್ನು ತೆರೆಯಿತು. ೧೯೫೮ರಿಂದ ರೋಗಿಯ ಮನೆಗೆ ಹಗಲು ರಾತ್ರಿ ದಾದಿಯನ್ನು ಕಳುಹಿಸುವ ವ್ಯವಸ್ಥೆಯನ್ನು ಕೈಗೊಂಡಿತು. ಎರಡನೆಯದು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ವಲಯದಾದಿಯು ಹಗಲಿನಲ್ಲಿ ಸ್ವಲ್ಪ ಹೊತ್ತು ಬಂದು ಹೋಗುತ್ತಾಳೆ. ನೋವು ಹೆಚ್ಚುವುದು, ಉಸಿರು ಕಟ್ಟುವುದು, ಭಯ ಆವರಿಸುವುದು ಬಹುಮಟ್ಟಿಗೆ ರಾತ್ರಿಯಲ್ಲಿ. ಎಪ್ಪತ್ತು ವರ್ಷದ ಗಂಡನ ಪಕ್ಕದಲ್ಲಿ ಅರವತ್ತೈದು ವರ್ಷದ ಹೆಂಡತಿ ರಾತ್ರಿಯಿಡೀ ಎಚ್ಚರವಾಗಿದ್ದು ಬೆಳಗ್ಗೆ ಮತ್ತೆ ಒಲೆ ಹಚ್ಚಬೇಕು. ಮನೆಯ ಆರೈಕೆ ಮುರಿದು ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಸಂದರ್ಭಗಳಲ್ಲಿ ರೋಗದ ಉಲ್ಬಣಕ್ಕಿಂತ ಆರೈಕೆ ಮಾಡುವವರ ನಿದ್ರಾಭಂಗವೇ ಕಾರಣವಾಗುವುದುಂಟು. ವಾರಕ್ಕೆ ಕೆಲವು ರಾತ್ರಿಗಳಾದರೂ ಇನ್ನೊಬ್ಬರು ಬಂದು ಕುಳಿತರೆ ಮನೆಯು ನಿಲ್ಲುತ್ತದೆ. ಇಷ್ಟು ಸಾಮಾನ್ಯವಾದ ಸತ್ಯವು ಸಾರ್ವಜನಿಕ ವ್ಯವಸ್ಥೆಯ ರೂಪ ತಾಳಲು ಶತಮಾನವೇ ಬೇಕಾಯಿತು.

೫. ಹೊತ್ತು ನೋಡಿ ಕೊಡುವ ಮದ್ದು

ದಾದಿ ಬಂದಳು, ರಾತ್ರಿಯ ಬಿಡುವೂ ದೊರೆಯಿತು. ನೋವು ಮಾತ್ರ ಉಳಿದಿತ್ತು. ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದುದು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ. ಆದರೆ ಅದನ್ನು ಕೊಡುವ ಕ್ರಮ ಬಹುಕಾಲ ಒಂದೇ ಆಗಿತ್ತು: ರೋಗಿಯು ನೋವಿನಿಂದ ಕೂಗಿದಾಗ ಚುಚ್ಚುಮದ್ದು. ಅಭ್ಯಾಸ ಹತ್ತಿಬಿಡುವುದೆಂಬ ಭಯದಿಂದ ವೈದ್ಯರು ಅದನ್ನೂ ಆದಷ್ಟು ತಡಮಾಡಿ ಕೊಡುತ್ತಿದ್ದರು. ಚುಚ್ಚುಮದ್ದಿಗೆ ದಾದಿ ಬೇಕು; ದಾದಿಯು ಮನೆಯಲ್ಲಿ ಸದಾ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿರುವ ರೋಗಿಗೆ ಮಾರ್ಫಿನ್ ಇದ್ದೂ ಇಲ್ಲದಂತೆಯೇ ಆಗಿತ್ತು.

ಈ ಕಗ್ಗಂಟನ್ನು ಬಿಡಿಸಿದವರಲ್ಲಿ ಸಿಸಿಲಿ ಸಾಂಡರ್ಸ್ ಪ್ರಮುಖಳು. ೧೯೧೮ರಲ್ಲಿ ಹುಟ್ಟಿದ ಆಕೆ ಮೊದಲು ದಾದಿ, ಅನಂತರ ಆಸ್ಪತ್ರೆಯ ಸಮಾಜಸೇವಕಿ, ಕೊನೆಗೆ ವೈದ್ಯೆ. ಶುಶ್ರೂಷೆಯ ಮೂರು ಮುಖಗಳನ್ನೂ ಒಳಗಿನಿಂದ ಬಲ್ಲವಳು. ಲಂಡನ್ನಿನ ಸೇಂಟ್ ಲ್ಯೂಕ್ಸ್ ಗೃಹದಲ್ಲಿ ನೋವು ಮರುಕಳಿಸುವ ಮೊದಲೇ ನಿಯತಕಾಲಕ್ಕೆ ಬಾಯಿಯ ಮೂಲಕ ಮದ್ದು ಕೊಡುವ ರೂಢಿಯಿದ್ದುದನ್ನು ಆಕೆ ಕಂಡಿದ್ದಳು. ೧೯೫೮ರಿಂದ ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಧರ್ಮಶಾಲೆಯಲ್ಲಿ ಕೆಲಸಮಾಡುತ್ತ ಆ ರೂಢಿಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ, ರೋಗಿಗಳ ವಿವರಗಳನ್ನು ದಾಖಲಿಸುತ್ತ ಬಂದಳು. ಬಾಯಿಯಿಂದ ತೆಗೆದುಕೊಂಡ ಮಾರ್ಫಿನಿನ ಪ್ರಭಾವ ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ನೋವು ಬಂದ ಮೇಲೆ ಕೊಟ್ಟರೆ ನೋವಿನ ಜೊತೆಗೆ ನೋವಿನ ಭಯವನ್ನೂ ಅಡಗಿಸಬೇಕಾಗುತ್ತದೆ. ಪ್ರಮಾಣ ಏರುತ್ತದೆ, ರೋಗಿಗೆ ಮಂಪರು ಕವಿಯುತ್ತದೆ. ಹೊತ್ತು ನೋಡಿ ಮೊದಲೇ ಕೊಟ್ಟರೆ ಕಡಮೆ ಪ್ರಮಾಣವೇ ಸಾಕಾಗುತ್ತದೆ. ರೋಗಿಯು ಎಚ್ಚರವಾಗಿದ್ದು ಮಾತನಾಡಬಲ್ಲನು. ವೃದ್ಧರ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಅವರ ಮೂತ್ರಪಿಂಡಗಳು ಮದ್ದನ್ನು ನಿಧಾನವಾಗಿ ಹೊರಹಾಕುವುದರಿಂದ ಅಲ್ಪಪ್ರಮಾಣದಿಂದ ಪ್ರಾರಂಭಿಸಬೇಕು, ಮಲಬದ್ಧತೆಗೆ ಮೊದಲ ದಿನದಿಂದಲೇ ಮದ್ದು ಕೊಡಬೇಕು.

ಚರಿತ್ರೆಯ ದೃಷ್ಟಿಯಿಂದ ಇಲ್ಲಿ ನಡೆದ ಬದಲಾವಣೆಯನ್ನು ಹೀಗೆ ಹೇಳಬಹುದು: ಚುಚ್ಚುಮದ್ದಿನ ಸೂಜಿ ಹೋಗಿ ಅಳತೆಯ ಚಮಚ ಬಂದಿತು. ಚಮಚವನ್ನು ಮಗಳು ಹಿಡಿಯಬಲ್ಲಳು, ಸೊಸೆ ಹಿಡಿಯಬಲ್ಲಳು, ರೋಗಿಯೇ ಹಿಡಿಯಬಲ್ಲನು. ಸಾಂಡರ್ಸಳ ಸೇಂಟ್ ಕ್ರಿಸ್ಟಫರ್ಸ್ ಸಂಸ್ಥೆ ಲಂಡನ್ನಿನ ದಕ್ಷಿಣದಲ್ಲಿ ೧೯೬೭ರಲ್ಲಿ ತೆರೆದು, ಎರಡು ವರ್ಷಗಳಲ್ಲಿಯೇ, ಎಂದರೆ ೧೯೬೯ರಲ್ಲಿ, ಮನೆಗೆ ಹೋಗುವ ತಂಡವನ್ನು ಏರ್ಪಡಿಸಲು ಸಾಧ್ಯವಾದುದು ಈ ಕಾರಣದಿಂದ. ಸ್ವೀಡನ್ನಿನ ಮೋಟಾಲಾ ಪಟ್ಟಣದ ಆಸ್ಪತ್ರೆಯು ೧೯೭೭ರಲ್ಲಿ ಮನೆಗಳಿಗೇ ವೈದ್ಯರನ್ನೂ ದಾದಿಯರನ್ನೂ ಕಳುಹಿಸುವ ಪದ್ಧತಿಯನ್ನು ಕೈಗೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯು ೧೯೮೬ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಬಾಯಿಯ ಮೂಲಕ, ನಿಯತಕಾಲಕ್ಕೆ, ಮೆಟ್ಟಿಲುಮೆಟ್ಟಿಲಾಗಿ ಎಂಬ ತತ್ತ್ವವನ್ನು ಜಗತ್ತಿಗೆಲ್ಲ ಒಪ್ಪಿಗೆಯಾಗುವಂತೆ ಮಾಡಿತು.

ಅಮೆರಿಕದಲ್ಲಿ ಈ ಚಳವಳಿ ಕಟ್ಟಡಕ್ಕಿಂತ ಮೊದಲು ಮನೆಯಲ್ಲಿ ಕಾಲೂರಿತು. ಕನೆಕ್ಟಿಕಟ್ ರಾಜ್ಯದ ಸಂಸ್ಥೆಯು ೧೯೭೪ರಲ್ಲಿ ಗೃಹಶುಶ್ರೂಷೆಯಿಂದಲೇ ಪ್ರಾರಂಭಿಸಿತು. ಅದರ ಒಳರೋಗಿಗಳ ಕಟ್ಟಡ ಬಂದುದು ೧೯೮೦ರಲ್ಲಿ. ೧೯೮೨ರಲ್ಲಿ ಅಲ್ಲಿನ ಶಾಸನಸಭೆಯು ಅರವತ್ತೈದು ವರ್ಷ ದಾಟಿದವರ ಆರೋಗ್ಯ ವಿಮೆಯಲ್ಲಿ ಈ ಸೇವೆಯನ್ನು ಸೇರಿಸಿತು. ಆಯುಷ್ಯ ಆರು ತಿಂಗಳೊಳಗೆಂದು ವೈದ್ಯರು ದೃಢಪಡಿಸಬೇಕು, ಗುಣಪಡಿಸುವ ಚಿಕಿತ್ಸೆಯನ್ನು ರೋಗಿಯು ಬಿಟ್ಟುಕೊಡಬೇಕು, ಒಂದು ಸಂಸ್ಥೆ ಕೊಡುವ ಒಟ್ಟು ಸೇವೆಯ ದಿನಗಳಲ್ಲಿ ಒಳರೋಗಿಗಳ ದಿನಗಳು ನೂರಕ್ಕೆ ೨೦ನ್ನು ಮೀರಬಾರದು ಎಂಬ ನಿಬಂಧನೆಗಳಿದ್ದವು. ಮನೆಯೂ ಮನೆಯಲ್ಲಿ ನೋಡಿಕೊಳ್ಳುವ ಒಬ್ಬರೂ ಇದ್ದೇ ಇರುವರೆಂಬ ಊಹೆಯ ಮೇಲೆ ಈ ಶಾಸನ ನಿಂತಿದೆ. ಒಂಟಿಯಾದ ಮುದುಕಿಗೆ ಈ ಊಹೆ ಸಲ್ಲುವುದಿಲ್ಲ.

೬. ಅಫೀಮಿನ ನಾಡಿನಲ್ಲಿ ನೋವು

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಔಷಧಕ್ಕಾಗಿ ಕಾನೂನುಬದ್ಧವಾಗಿ ಅಫೀಮನ್ನು ಬೆಳೆಯುವ ಪ್ರಮುಖ ರಾಷ್ಟ್ರಗಳಲ್ಲಿ ಭಾರತವೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯ ಮೇಲೆ ಗಸಗಸೆ ಗಿಡದ ಬೇಸಾಯ ನಡೆಯುತ್ತದೆ. ಗಾಜೀಪುರ ಮತ್ತು ನೀಮಚ್‌ಗಳಲ್ಲಿ ಸರಕಾರಿ ಕಾರ್ಖಾನೆಗಳಿವೆ. ಲೋಕದ ಇತರ ರಾಷ್ಟ್ರಗಳ ರೋಗಿಗಳ ನೋವನ್ನು ತಗ್ಗಿಸುವ ಕಚ್ಚಾ ಪದಾರ್ಥವು ನಮ್ಮ ಹೊಲಗಳಿಂದ ಹೊರಟಿತು. ನಮ್ಮ ರೋಗಿಗಳಿಗೆ ಅದು ಸಿಕ್ಕಲಿಲ್ಲ.

ಇದಕ್ಕೆ ಮುಖ್ಯ ಕಾರಣ ೧೯೮೫ರ ಮಾದಕ ವಸ್ತುಗಳ ಅಧಿನಿಯಮ. ಕಳ್ಳಸಾಗಣೆಯನ್ನು ತಡೆಯುವ ಉದ್ದೇಶದಿಂದ ಹುಟ್ಟಿದ ಈ ಕಾನೂನು ಹತ್ತು ವರ್ಷಗಳಿಗೆ ಕಡಮೆಯಿಲ್ಲದ ಕಾರಾಗೃಹವಾಸವನ್ನು ವಿಧಿಸಿತು. ಮಾರ್ಫಿನನ್ನು ತರಿಸುವುದಕ್ಕೆ, ಸಾಗಿಸುವುದಕ್ಕೆ, ಇಟ್ಟುಕೊಳ್ಳುವುದಕ್ಕೆ ಬೇರೆಬೇರೆ ಪರವಾನಗಿಗಳು; ಅವುಗಳನ್ನು ಕೊಡುವ ಅಧಿಕಾರಿಗಳು ಬೇರೆಬೇರೆ ಇಲಾಖೆಗಳವರು; ಒಂದರ ಅವಧಿ ಮುಗಿಯುವಷ್ಟರಲ್ಲಿ ಇನ್ನೊಂದು ಕೈಸೇರುತ್ತಿರಲಿಲ್ಲ. ಔಷಧದಂಗಡಿಗಳೂ ಆಸ್ಪತ್ರೆಗಳೂ ಆ ಮದ್ದಿನ ಸಹವಾಸವನ್ನೇ ಬಿಟ್ಟವು. ಹಿಂದೆ ವರ್ಷಕ್ಕೆ ನೂರಾರು ಕಿಲೋಗ್ರಾಮುಗಳಷ್ಟಿದ್ದ ಮಾರ್ಫಿನಿನ ವೈದ್ಯಕೀಯ ಬಳಕೆ ೧೯೯೭ರಲ್ಲಿ ಇಡೀ ದೇಶಕ್ಕೆ ೧೮ ಕಿಲೋಗ್ರಾಮಿಗೆ ಇಳಿಯಿತು. ಒಂದು ಪೀಳಿಗೆಯ ವೈದ್ಯವಿದ್ಯಾರ್ಥಿಗಳು ಅದನ್ನು ಕೊಡುವುದನ್ನು ಕಣ್ಣಿನಿಂದ ಕಾಣದೆಯೇ ಪದವಿ ಪಡೆದರು. ಆ ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಮುದುಕರು ಮಕ್ಕಳುಮರಿಗಳ ನಡುವೆಯೇ ಇದ್ದರು, ನಿಜ. ಆದರೆ ಅವರ ನರಳಾಟವನ್ನು ಕೇಳುವುದರ ಹೊರತು ಆ ಮಕ್ಕಳುಮರಿಗಳಿಗೆ ಬೇರೇನೂ ಮಾಡುವುದಕ್ಕೆ ಇರಲಿಲ್ಲ. ಅವಿಭಕ್ತ ಕುಟುಂಬವನ್ನು ಹೊಗಳುವ ಮಾತಿನಲ್ಲಿ ಈ ನರಳಾಟಕ್ಕೆ ಎಡೆ ದೊರೆತಿಲ್ಲ.

೧೯೯೮ರಲ್ಲಿ ಕೇಂದ್ರ ಸರಕಾರವು ನಿಯಮಗಳನ್ನು ಸರಳಗೊಳಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಎಲ್ಲ ರಾಜ್ಯಗಳೂ ಕೂಡಲೆ ಕಾರ್ಯೋನ್ಮುಖವಾಗಲಿಲ್ಲ. ೨೦೧೪ರಲ್ಲಿ ಸಂಸತ್ತು ಅಧಿನಿಯಮವನ್ನೇ ತಿದ್ದಿ, ಅಗತ್ಯ ಔಷಧಗಳೆಂಬ ಪ್ರತ್ಯೇಕ ವರ್ಗವನ್ನು ಮಾಡಿ, ಹಲವು ಪರವಾನಗಿಗಳ ಬದಲು ಒಂದೇ ಅನುಮತಿ ಸಾಕೆಂಬ ವ್ಯವಸ್ಥೆಗೆ ದಾರಿಮಾಡಿತು. ತಿದ್ದುಪಡಿಗೆ ಸುಮಾರು ಮೂವತ್ತು ವರ್ಷಗಳು ಹಿಡಿದವೆಂಬುದನ್ನು ಓದುಗರು ಗಮನಿಸಬೇಕು.

೭. ಕಲ್ಲಿಕೋಟೆ ಮತ್ತು ಬೆಂಗಳೂರು

ಕಾನೂನು ತಿದ್ದುವವರೆಗೆ ಎಲ್ಲರೂ ಕಾಯುತ್ತ ಕೂರಲಿಲ್ಲ. ೧೯೯೩ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ ಎಂ. ಆರ್. ರಾಜಗೋಪಾಲ್, ಕೆ. ಸುರೇಶ್ ಕುಮಾರ್ ಮೊದಲಾದವರು ನೋವು ಮತ್ತು ಉಪಶಮನ ಚಿಕಿತ್ಸೆಯ ಸಂಘವನ್ನು ಸ್ಥಾಪಿಸಿದರು. ರಾಜಗೋಪಾಲರು ಅರಿವಳಿಕೆಶಾಸ್ತ್ರದ ತಜ್ಞರು. ಪ್ರಾರಂಭದಲ್ಲಿ ಇದು ಹೊರರೋಗಿಗಳ ಚಿಕಿತ್ಸಾಲಯ ಮಾತ್ರ. ಆದರೆ ರೋಗ ಬಲಿತ ವೃದ್ಧನು ಬಸ್ಸಿನಲ್ಲಿ ಕುಳಿತು ನಗರಕ್ಕೆ ಮತ್ತೆಮತ್ತೆ ಬರಲಾರನು. ಬಂದರೂ ಆ ಪ್ರಯಾಣವೇ ಅವನಿಗೆ ಶಿಕ್ಷೆ. ಚಿಕಿತ್ಸೆಯೇ ಮನೆಗೆ ಹೋಗಬೇಕೆಂಬುದು ಅನುಭವದಿಂದ ಸಿದ್ಧವಾಯಿತು. ಲಿವರ್‌ಪೂಲಿನಲ್ಲಿ ದಾದಿಯಿಂದ ಪ್ರಾರಂಭವಾದುದು ಇಲ್ಲಿ ಮದ್ದಿನಿಂದ ಪ್ರಾರಂಭವಾಗಿ ಅದೇ ಹೊಸ್ತಿಲಿಗೆ ಬಂದು ಮುಟ್ಟಿತೆನ್ನಬಹುದು.

ಮುಂದಿನ ಹೆಜ್ಜೆ ಕೇರಳದ ವಿಶೇಷ ಕೊಡುಗೆ. ವೈದ್ಯರೂ ದಾದಿಯರೂ ಎಷ್ಟೇ ಇದ್ದರೂ ಊರೂರಿನ ಮನೆಗಳನ್ನು ತಲುಪಲಾರರೆಂದು ಕಂಡು, ಕಳೆದ ಶತಮಾನ ಮುಗಿದು ಹೊಸದು ಪ್ರಾರಂಭವಾಗುವ ಹೊತ್ತಿಗೆ, ನೆರೆಹೊರೆಯವರನ್ನೇ ಸೇವಕರನ್ನಾಗಿ ಸಂಘಟಿಸುವ ಕ್ರಮ ರೂಪುಗೊಂಡಿತು. ಮಲಪ್ಪುರಂ, ಕಲ್ಲಿಕೋಟೆ, ವಯನಾಡು ಮುಂತಾದ ಜಿಲ್ಲೆಗಳಲ್ಲಿ ಶಿಕ್ಷಕರು, ವ್ಯಾಪಾರಿಗಳು, ಕೂಲಿಕಾರರು, ಗೃಹಿಣಿಯರು, ವಿದ್ಯಾರ್ಥಿಗಳು ಅಲ್ಪಕಾಲದ ತರಬೇತಿ ಪಡೆದು ತಮ್ಮ ತಮ್ಮ ಬೀದಿಗಳ ರೋಗಿಗಳನ್ನು ಗುರುತಿಸಿ ಭೇಟಿಮಾಡತೊಡಗಿದರು. ವೆಚ್ಚದ ದೊಡ್ಡ ಪಾಲು ಊರವರ ಸಣ್ಣ ಸಣ್ಣ ದೇಣಿಗೆಗಳಿಂದಲೇ ಬಂದಿತು. ರೋಗಿಯ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ಮಾರ್ಫಿನಿನಿಂದ ಮಾತ್ರ ಪ್ರಯೋಜನವಿಲ್ಲವೆಂದು ಅವರು ಅರಿತರು. ಅಕ್ಕಿಯ ಚೀಲವೂ ಮೊಮ್ಮಕ್ಕಳ ಶಾಲೆಯ ಖರ್ಚೂ ಶುಶ್ರೂಷೆಯ ಭಾಗವಾದವು. ದಾದಿಯು ದಾನ ಹಂಚಬಾರದೆಂಬ ನೈಟಿಂಗೇಲಳ ತತ್ತ್ವಕ್ಕೆ ಇದು ವಿರುದ್ಧವಲ್ಲ. ಇಲ್ಲಿ ದಾದಿಯ ಕೆಲಸ ಬೇರೆ, ನೆರೆಯವರ ಕೆಲಸ ಬೇರೆ. ಎರಡೂ ಒಂದೇ ಬಾಗಿಲಲ್ಲಿ ಸಂಧಿಸಿದವು.

೨೦೦೮ರಲ್ಲಿ ಕೇರಳ ಸರಕಾರವು ಉಪಶಮನ ಚಿಕಿತ್ಸೆಯ ನೀತಿಯನ್ನು ಪ್ರಕಟಿಸಿತು. ಭಾರತದ ರಾಜ್ಯಗಳಲ್ಲಿ ಇದೇ ಮೊದಲನೆಯದು. ೧೯೯೬ರಿಂದ ಅಧಿಕಾರ ವಿಕೇಂದ್ರೀಕರಣದ ಅನುಭವ ಪಡೆದಿದ್ದ ಅಲ್ಲಿನ ಪಂಚಾಯತಿಗಳು ದಾದಿಯನ್ನು ನೇಮಿಸಿಕೊಂಡು ವಾಹನದಲ್ಲಿ ಮನೆಮನೆಗೆ ಕಳುಹಿಸುವ ಹೊಣೆಯನ್ನು ಹೊತ್ತವು. ೨೦೧೧ರ ಜನಗಣತಿಯಂತೆ ಅರವತ್ತು ದಾಟಿದವರು ಭಾರತದ ಜನಸಂಖ್ಯೆಯಲ್ಲಿ ನೂರಕ್ಕೆ ೮.೬ರಷ್ಟಿದ್ದರೆ ಕೇರಳದಲ್ಲಿ ೧೨.೬ರಷ್ಟಿದ್ದರು, ಮಕ್ಕಳು ಪರದೇಶಗಳಲ್ಲಿ ದುಡಿಯುವ ಮನೆಗಳು ಅಲ್ಲಿ ಬಹಳ. ಅರ್ಬುದ ರೋಗಿಗಳಿಗೆಂದು ಹೊರಟ ವಾಹನವು ಪಾರ್ಶ್ವವಾಯು ಬಡಿದವರ, ಹಾಸಿಗೆ ಹಿಡಿದ ಇತರ ಮುದುಕರ ಮನೆಗಳ ಮುಂದೆಯೂ ನಿಲ್ಲತೊಡಗಿತು.

ಕನ್ನಡನಾಡಿನಲ್ಲಿ ಅರ್ಬುದ ಚಿಕಿತ್ಸೆಗೆ ೧೯೭೩ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹುಟ್ಟಿ, ದೂರದ ಜಿಲ್ಲೆಗಳ ರೋಗಿಗಳಿಗೂ ಆಶ್ರಯವಾಯಿತು. ಚಿಕಿತ್ಸೆಯಿಂದ ಇನ್ನು ಪ್ರಯ���ಜನವಿಲ್ಲವೆಂದಾದ ಮೇಲೆ ಮನೆಗೆ ಹಿಂದಿರುಗುವವರ ಪ್ರಶ್ನೆ ಉಳಿದೇ ಇತ್ತು. ಇದಕ್ಕೆ ಉತ್ತರವಾಗಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸಂಸ್ಥೆ ಸೇರಿ ೧೯೯೪ರಲ್ಲಿ ಒಂದು ನ್ಯಾಸವನ್ನು ರಚಿಸಿದವು. ಅದರ ದಾದಿಯರೂ ಸಲಹೆಗಾರರೂ ೧೯೯೫ರಲ್ಲಿಯೇ ನಗರದ ಮನೆಗಳಿಗೆ ಹೋಗತೊಡಗಿದರು. ‘ಕರುಣಾಶ್ರಯ’ವೆಂಬ ಅದರ ಕಟ್ಟಡ ತೆರೆದುದು ೧೯೯೯ರಲ್ಲಿ. ಕನೆಕ್ಟಿಕಟ್ಟಿನಂತೆ ಇಲ್ಲಿಯೂ ಮನೆಯ ಸೇವೆ ಮೊದಲು, ಕಟ್ಟಡ ಅನಂತರ. ಈ ಸೇವೆಗೆ ರೋಗಿಗಳಿಂದ ಹಣ ಪಡೆಯುವುದಿಲ್ಲ. ಆದರೆ ನಗರದ ಸುತ್ತಿನಲ್ಲಿ ಸಂಚರಿಸುವ ತಂಡವು ಊರೂರಿನ ಪಂಚಾಯತಿಯ ದಾದಿಗೆ ಸಮವಾಗಲಾರದು. ಆಸ್ಪತ್ರೆಯಿಂದ ನೂರಾರು ಮೈಲಿ ದೂರದ ಹಳ್ಳಿಗೆ ಹಿಂದಿರುಗುವ ವೃದ್ಧನ ಮನೆಗೆ ಸಾಗುವ ದಾರಿ ಕೇರಳದ್ದು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗೃಹಶುಶ್ರೂಷೆಯು ಹಳೆಯ ಕುಟುಂಬಪದ್ಧತಿಯ ಅವಶೇಷವಲ್ಲ. ಹದಿನೆಂಟುನೂರ ಐವತ್ತೊಂಬತ್ತರಿಂದ ಈಚೆಗೆ ಬುದ್ಧಿಪೂರ್ವಕವಾಗಿ ಕಟ್ಟಿದ ಸಾರ್ವಜನಿಕ ವ್ಯವಸ್ಥೆ. ಅದರ ಮೂರು ಸಾಧನಗಳಲ್ಲಿ ಒಂದು ತಪ್ಪಿದರೂ ಉಳಿದೆರಡು ಕುಂಟುತ್ತವೆ. ಇಂಗ್ಲೆಂಡಿನಲ್ಲಿ ದಾದಿಯಿದ್ದು ಮದ್ದಿನ ಕ್ರಮವಿಲ್ಲದ ಕಾಲವಿತ್ತು. ನಮ್ಮಲ್ಲಿ ಮನೆಯಿದ್ದು ದಾದಿಯೂ ಮದ್ದೂ ಇಲ್ಲದ ಕಾಲವಿತ್ತು. ಎರಡು ಕಡೆಯೂ ಆ ಕೊರತೆಯ ಬೆಲೆಯನ್ನು ತೆತ್ತವರು ರೋಗಿ ಮತ್ತು ರೋಗಿಯ ಪಕ್ಕದಲ್ಲಿ ಕುಳಿತ ಹೆಂಗಸು.

ಈ ಕೊನೆಯ ವ್ಯಕ್ತಿಯ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಚರಿತ್ರೆಯ ಆಕರಗಳೆಲ್ಲ ಬಹುಮಟ್ಟಿಗೆ ವೈದ್ಯರ, ದಾನಿಗಳ, ಶಾಸನಕರ್ತರ ಬರಹಗಳು. ೧೯೫೨ರ ವರದಿಯಲ್ಲಿ ದಾದಿಯರ ಧ್ವನಿ ಕೇಳಿಸುತ್ತದೆ. ಅತ್ತೆಯ ಹಾಸಿಗೆಯನ್ನು ಬದಲಿಸಿದ ಸೊಸೆಯ ಮಾತು, ಗಂಡನಿಗೆ ಹೊತ್ತು ನೋಡಿ ಮದ್ದು ಕೊಟ್ಟ ಮುದುಕಿಯ ಮಾತು, ಯಾವ ಕಡತದಲ್ಲಿಯೂ ಸುಲಭವಾಗಿ ದೊರೆಯುವುದಿಲ್ಲ. ಅವರಲ್ಲಿ ಅನೇಕರು ಇಂದಿಗೂ ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಅನುಭವವನ್ನು ಕೇಳಿ ಬರೆದಿಡುವ ಕೆಲಸವನ್ನು ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಚರಿತ್ರೆಯನ್ನು ಓದುವವರು ಕೈಗೊಳ್ಳಬೇಕು. ಎಲ್ಲಿ ದಾದಿ ಬಂದಳು, ಎಲ್ಲಿ ಬರಲಿಲ್ಲ, ಮದ್ದು ಎಷ್ಟು ದೂರದಿಂದ ತರಬೇಕಾಯಿತು, ರಾತ್ರಿ ಯಾರು ಎಚ್ಚರವಾಗಿದ್ದರು ಎಂಬ ಸರಳವಾದ ನಾಲ್ಕು ಪ್ರಶ್ನೆಗಳಿಂದ ಈ ಸಂಶೋಧನೆಯನ್ನು ಪ್ರಾರಂಭಿಸಬಹುದು.